ಬಲಿಪೀಠದ ಮುಂದೆ ಸಾವಿರದಿನ್ನೂರು ಹೆಂಚು

ಅಕ್ಕನ ಜೊತೆ ಮತ್ತೆ ಮಾತಾಡುವುದಕ್ಕೆ ನನಗೆ ತಗುಲಿದ ಖರ್ಚು ಇಷ್ಟು: ಸಾವಿರದಿನ್ನೂರು ಹೆಂಚು, ಖಾನಾಪುರದಿಂದ ಬೆಳಗಾವಿಗೆ ಎರಡು ಸಲ ರೈಲು, ಎರಡು ಹುಂಜ, ನಂದಗಡದ ಸಂತೆಯಲ್ಲಿ ಇಪ್ಪತ್ತು ವರ್ಷ ಕೂಡಿಸಿಟ್ಟಿದ್ದ ಹೆಸರು, ಮತ್ತು ಒಂದು ವಾಕ್ಯ. ಇವುಗಳಲ್ಲಿ ವಾಕ್ಯವೇ ಎಲ್ಲಕ್ಕಿಂತ ತುಟ್ಟಿ. ಹೆಂಚು ಮಾರುವವನು ನಾನೇ, ಆದ್ದರಿಂದ ಅವು ಅಸಲಿಗೇ ಬಿದ್ದವು. ಹುಂಜಗಳು ವಾಪಸು ಬಂದವು, ನಾವೇ ತಿಂದೆವು. ವಾಕ್ಯವನ್ನು ಮಾತ್ರ ಏಳು ವರ್ಷ ಗಂಟಲಲ್ಲಿಟ್ಟು ಸಾಕಿದ್ದೆ. ಇಷ್ಟೆಲ್ಲ ಯಾಕೆ ಬಿತ್ತೆಂದರೆ, ನಾನು ದೇವರ ಹತ್ತಿರವೂ ಚೌಕಾಶಿಗೆ ಇಳಿದಿದ್ದೆ. ಆತ ಒಂದೇ ಮಾತಿನ ವ್ಯಾಪಾರಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಪಾದ್ರಿಗಳು ದಿನಾ ಬೆಳಿಗ್ಗೆ ಹೇಳುತ್ತಿದ್ದರು, ಖರೆ. ನಾನು ಕೇಳುತ್ತಿದ್ದೆ, ಅಷ್ಟೇ.

ನಾನು ಖಾನಾಪುರದವನು. ಅಲ್ಲಿಯ ಮಣ್ಣಿನಲ್ಲಿ ಬೆಳೆಗಿಂತ ಮಡಕೆ ಚೆನ್ನಾಗಿ ಬರುತ್ತದೆ. ಹದಿನಾಲ್ಕನೆಯ ವಯಸ್ಸಿನಲ್ಲಿ ತಲೆಯ ಮೇಲೆ ಮಡಕೆ ಹೊತ್ತು, ಪೀರನವಾಡಿ ದಾಟಿ, ಬೆಳಗಾವಿ ಕ್ಯಾಂಪಿನ ದೊರೆಗಳ ಬಂಗಲೆಗಳಿಗೆ ಮಾರಿ ಬರುತ್ತಿದ್ದೆ. ದಾರಿಯಲ್ಲಿ ಒಡೆದವನ್ನು ಗಿಡ ನೆಡುವ ಕುಂಡ ಎಂದು ಮಾರುತ್ತಿದ್ದೆ. ಮಡಮ್ಮಗಳು ಅವಕ್ಕೆ ಇಡೀ ಮಡಕೆಗಿಂತ ಹೆಚ್ಚು ಕೊಟ್ಟಾಗ ನನಗೆ ವ್ಯಾಪಾರ ಎಂದರೇನೆಂದು ತಿಳಿಯಿತು. ಮೂವತ್ತೈದಕ್ಕೆ ಬರುವ ಹೊತ್ತಿಗೆ ಸ್ವಂತ ಹೆಂಚಿನ ಭಟ್ಟಿ, ಪೇಟೆಯಲ್ಲೊಂದು ಅಂಗಡಿ ಇತ್ತು. ಮನೆಯಲ್ಲಿ ನಮ್ಮದು ಕೊಂಕಣಿ, ಪೇಟೆಯಲ್ಲಿ ಮರಾಠಿ, ಇಗರ್ಜಿಯ ಪೂಜೆ ಲ್ಯಾಟಿನ್. ಆದರೆ ನನಗೆ ಓದು ಬರಹ ಕಲಿಸಿದ್ದು ಕನ್ನಡ ಸಾಲೆ. ಅದಕ್ಕೇ ಇಲ್ಲಿ ಎಲ್ಲರ ಬಾಯಲ್ಲೂ ನಮ್ಮ ಕಡೆಯ ಕನ್ನಡವನ್ನೇ ಇಟ್ಟಿದ್ದೇನೆ.

ನಮ್ಮ ಇಗರ್ಜಿ ಚಿಕ್ಕದು. ಪಾದ್ರಿಗಳು ಗೋವೆಯವರು, ಬಡಕಲು ಮೈ, ನಶ್ಯದ ಚಟ. ಬೆಳಗಿನ ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಅಂದಿನ ಶುಭಸಂದೇಶವನ್ನು ನಾಲ್ಕು ಮಾತಿನಲ್ಲಿ ಹೇಳಿ ಕಳಿಸುವುದು ಅವರ ಪದ್ಧತಿ. ಅದಕ್ಕೆ ಅವರು ಇಟ್ಟ ಹೆಸರು 'ಇವತ್ತಿನ ತುತ್ತು'. ಲ್ಯಾಟಿನ್ ದೇವರಿಗೆ, ತುತ್ತು ನಿಮಗೆ ಎನ್ನುತ್ತಿದ್ದರು. ತುತ್ತು ಒಯ್ದವನು ಸಂಜೆ ಜಪಸರ ಹಿಡಿಯುವುದರೊಳಗೆ ಅದರಿಂದ ಏನಾದರೂ ಒಂದು ಕೆಲಸ ಮಾಡಿರಬೇಕು. ಮರುದಿನ ಅದೇ ಬಾಗಿಲಲ್ಲಿ ಮೂಗಿಗೆ ನಶ್ಯ ಏರಿಸುತ್ತ ಕೇಳುವರು:

"ನಿನ್ನಿ ತುತ್ತು ಜೀರ್ಣ ಆತೇನು?"

ನಾನು ದಿನಾ ಪೂಜೆಗೆ ಹೋಗುತ್ತಿದ್ದೆ. ಭಕ್ತಿಯಿಂದ ಎಂದು ಬರೆದರೆ ನನ್ನ ಹೆಂಡತಿ ಇದನ್ನು ಓದಿ ನಗುತ್ತಾಳೆ. ಭಟ್ಟಿಯ ಆಳುಗಳು ಇಗರ್ಜಿಯ ರಸ್ತೆಯಲ್ಲೇ ಕೂಡುತ್ತಿದ್ದರು. ಇತರ ಭಟ್ಟಿಯವರು ಏಳುವ ಮೊದಲೇ ಒಳ್ಳೆಯ ಆಳುಗಳನ್ನು ನಾನು ಆರಿಸಿಕೊಂಡಿರುತ್ತಿದ್ದೆ. ಭಕ್ತಿ ಆಮೇಲೆ ಬಂತು, ಬಡ್ಡಿಯ ಹಾಗೆ ಮೆಲ್ಲಗೆ.

ತುತ್ತುಗಳನ್ನು ಒಂದು ಸಣ್ಣ ವಹಿಯಲ್ಲಿ ಬರೆದಿಡುತ್ತಿದ್ದೆ. ಒಂದು ಸಾಲು ಶುಭಸಂದೇಶದಲ್ಲಿ ಸ್ವಾಮಿ ಹೇಳಿದ್ದು, ಕೆಳಗೊಂದು ಸಾಲು ನನ್ನ ಅಭಿಪ್ರಾಯ. ಈಗ ತೆಗೆದು ನೋಡಿದರೆ ನನಗೇ ನಾಚಿಕೆಯಾಗುತ್ತದೆ. ಸ್ವಾಮಿಗೆ ನಾನು ಕೊಟ್ಟಿರುವಷ್ಟು ಸಲಹೆಗಳನ್ನು ನನ್ನ ಗುಮಾಸ್ತನಿಗೂ ಕೊಟ್ಟಿಲ್ಲ. ಮುತ್ತಿನ ವ್ಯಾಪಾರಿ ಇದ್ದಬದ್ದದ್ದೆಲ್ಲ ಮಾರಿ ಒಂದೇ ಮುತ್ತು ಕೊಂಡ ಕಥೆಯ ಕೆಳಗೆ: 'ಇನ್ನೊಂದು ಅಂಗಡಿಯಲ್ಲಿ ವಿಚಾರಿಸಿದ ಹಾಗೆ ಕಾಣುವುದಿಲ್ಲ.' ದ್ರಾಕ್ಷಿತೋಟದ ಯಜಮಾನ ಸಂಜೆ ಬಂದ ಕೂಲಿಗೂ ಮುಂಜಾನೆಯ ಕೂಲಿಗೂ ಒಂದೇ ಪಗಾರ ಕೊಟ್ಟದ್ದರ ಕೆಳಗೆ: 'ಮರುದಿನ ಮುಂಜಾನೆ ಇವನ ತೋಟಕ್ಕೆ ಯಾರು ಬಂದರು ಎಂದು ಬರೆದಿಲ್ಲ. ನಾನು ಹೇಳುತ್ತೇನೆ: ಯಾರೂ ಬಂದಿಲ್ಲ.' ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಹುಡುಕಹೋದ ಕುರುಬನಿಗೆ: 'ಲೋಂಡಾದ ಕಾಡಿನಲ್ಲಿ ಮಾಡಿ ನೋಡಲಿ.' ಕೆಲಸದಿಂದ ತೆಗೆದುಹಾಕುವರೆಂದು ತಿಳಿದು ಯಜಮಾನನ ಸಾಲಗಾರರಿಗೆಲ್ಲ ಚೀಟಿ ಕಡಿಮೆ ಬರೆಸಿ ಕೊಟ್ಟ ಕಾರಭಾರಿಯ ಕಥೆ ಬಂದ ಭಾನುವಾರ ಮಾತ್ರ ನಾನು ಪೂರ್ತಿ ಒಪ್ಪಿದ್ದೆ. 'ಇವ ನಮ್ಮ ಪೇಟೆಯವ' ಎಂದು ಬರೆದಿದ್ದೇನೆ.

ಅಂದರೆ ತುತ್ತು ದಿನಾ ಬಾಯಿಗೆ ಹೋಗುತ್ತಿತ್ತು, ನಾನು ರುಚಿ ಹೇಳಿ ಉಗುಳುತ್ತಿದ್ದೆ.

ಇಡೀ ದೇಶದ ಮುಂದಾಳುಗಳು ಬೆಳಗಾವಿಗೆ ಬಂದು ದೊಡ್ಡ ಸಭೆ ಮಾಡಿ ಹೋದರಲ್ಲ, ಅದರ ಮರುವರ್ಷದ ಮಳೆಗಾಲ ಅದು. ನಮ್ಮ ಇಗರ್ಜಿಯ ಮಾಡು ಸೋರುತ್ತಿತ್ತು. ಹಳೆಯ ನಾಡಹೆಂಚು, ಕೋತಿಗಳು ವರ್ಷವಿಡೀ ತಿರುಗಾಡಿದ್ದವು. ಪಡುವಣ ಮಗ್ಗುಲಿಗೆ ಹೊಸ ಹೆಂಚು ನಾನೇ ಕೊಡುತ್ತೇನೆ ಎಂದು ಹೇಳಿಬಿಟ್ಟೆ. ಅರ್ಧ ಭಕ್ತಿ, ಅರ್ಧ ಜಾಹೀರಾತು. ಬೆಳಗಾವಿಯಿಂದ ಬಂದು ಹೋಗುವ ಗುರುಗಳು ನೋಡಿದರೆ ಕ್ಯಾಂಪಿನ ಕಡೆಯ ಕಟ್ಟಡಗಳಿಗೂ ನನ್ನ ಹೆಂಚು ಹೋದೀತು ಎಂಬ ಲೆಕ್ಕ ಇತ್ತು. ಯಾವ ಅರ್ಧ ದೊಡ್ಡದು ಎಂದು ಕೇಳಬೇಡಿ.

ಕೊಡುವುದಾದರೆ ನಾಲ್ಕು ಜನ ಕಾಣುವ ಹಾಗೆ ಕೊಡಬೇಕು ಎಂಬುದು ನನ್ನ ಅಂದಿನ ನೀತಿ. ಶನಿವಾರವೇ ಗಾಡಿ ಕಟ್ಟಿಸಿ, ಸಾವಿರದಿನ್ನೂರು ಹೆಂಚನ್ನು ಇಗರ್ಜಿಯ ಒಳಗೆ, ಬಲಿಪೀಠದ ಕಟಾಂಜನದ ಮುಂದೆ, ಎದೆಯೆತ್ತರಕ್ಕೆ ಸಾಲಾಗಿ ಪೇರಿಸಿದೆ. ಪ್ರತಿ ಸಾಲಿನ ಮೇಲಿನ ಹೆಂಚನ್ನು ತಿರುವಿ, ನನ್ನ ಭಟ್ಟಿಯ ಗುರುತು ಜನರ ಕಡೆ ಬರುವಂತೆ ಇಟ್ಟೆ. ಭಾನುವಾರದ ಪೂಜೆಗೆ ಬಂದವರೆಲ್ಲ ನೋಡಲಿ.

ನಮ್ಮವರು ಮಾತ್ರ ಮಾಡಬಲ್ಲ ತಪ್ಪು ನಾನು ಮಾಡಿದ್ದು ಇಲ್ಲಿ. ಯಾವ ಭಾನುವಾರಕ್ಕೆ ಯಾವ ಶುಭಸಂದೇಶ ಎಂಬುದು ನಮ್ಮಲ್ಲಿ ಪಂಚಾಂಗದಷ್ಟು ನಿಶ್ಚಿತ. ವರ್ಷವೂ ಅದೇ ಸಾಲಿನಲ್ಲಿ ಬರುತ್ತದೆ. ಎಮ್ಮೆ ಕೊಳ್ಳುವುದಕ್ಕೂ ಒಳ್ಳೆಯ ದಿನ ಕೇಳುವ ಊರಿನಲ್ಲಿ ಹುಟ್ಟಿ ಬೆಳೆದ ನಾನು, ದೇವರಿಗೆ ಕಾಣಿಕೆ ಕೊಡುವಾಗ ದಿನ ನೋಡಲಿಲ್ಲ.

ಪಾದ್ರಿಗಳು ಲ್ಯಾಟಿನ್ ಮುಗಿಸಿ ಜನರ ಕಡೆ ತಿರುಗಿದರು. ಅಂದಿನ ಶುಭಸಂದೇಶ ಇದು: ಬಲಿಪೀಠಕ್ಕೆ ಕಾಣಿಕೆ ತಂದಾಗ, ನಿನ್ನ ಒಡಹುಟ್ಟಿದವರಿಗೆ ನಿನ್ನ ಮೇಲೆ ಏನೋ ಮನಸ್ತಾಪ ಇದೆಯೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಡು. ಮೊದಲು ಹೋಗಿ ರಾಜಿಯಾಗು. ಆಮೇಲೆ ಬಂದು ಕೊಡು.

ಅವರು ಹೆಂಚಿನ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಅವರ ಹಿಂದೆಯೇ ಇಡೀ ಖಾನಾಪುರ ನೋಡಿತು. ನನಗೂ ನಮ್ಮ ಅಕ್ಕನಿಗೂ ಏಳು ವರ್ಷದಿಂದ ಮಾತಿಲ್ಲ ಎಂಬುದು ಅಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು.

"ಹೆಂಚು ಅಲ್ಲೇ ಇರಲಿ" ಎಂದರು ಪಾದ್ರಿಗಳು. "ಅವಕ್ಕ ಏನು ಅವಸರ ಇಲ್ಲ."

ಅಂದಿನ ಉಪದೇಶ ಅಷ್ಟೇ. ಜನ ಪ್ರಸಾದಕ್ಕೆ ಹೋಗುವಾಗ ನನ್ನ ಹೆಂಚಿನ ರಾಶಿಯನ್ನು ಬಳಸಿಕೊಂಡು, ಒಬ್ಬೊಬ್ಬರೇ ಅಡ್ಡಡ್ಡವಾಗಿ ನುಸುಳಿ ಹೋದರು. ಪ್ರತಿಯೊಬ್ಬರೂ ನನ್ನ ಗುರುತು ಓದಿದರು. ಜಾಹೀರಾತು ಇಷ್ಟು ಚೆನ್ನಾಗಿ ಫಲಿಸಿದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಅಕ್ಕನ ಸಂಗತಿ ಹೇಳಬೇಕು. ನನಗಿಂತ ಆರು ವರ್ಷ ದೊಡ್ಡವಳು, ವಿಧವೆ. ಬೆಳಗಾವಿ ಕ್ಯಾಂಪಿನಲ್ಲಿ ಅಪ್ಪ ಮೊದಲು ನಡೆಸಿದ್ದ ರೊಟ್ಟಿಯ ಭಟ್ಟಿಯನ್ನು ಈಗ ಅವಳು ನಡೆಸುತ್ತಿದ್ದಳು. ಏಳು ವರ್ಷದ ಹಿಂದೆ, ಆ ದೊಡ್ಡ ಜ್ವರದ ವರ್ಷ, ಅಪ್ಪ ಖಾನಾಪುರದ ನನ್ನ ಮನೆಯಲ್ಲಿ ತೀರಿಕೊಂಡ. ಅಕ್ಕ ಮೊದಲೇ ಬಂದಿದ್ದಳು, ಕೊನೆಯ ಎರಡು ದಿನ ಅವಳೇ ಅವನ ಬಾಯಿಗೆ ನೀರು ಬಿಟ್ಟವಳು. ಮನೆಮನೆಯಲ್ಲೂ ಸಾವು, ಹೆಣದ ಪೆಟ್ಟಿಗೆಯ ಹಲಗೆಗೆ ದಿನಕ್ಕೊಂದು ಬೆಲೆ. ಖಾನಾಪುರದಲ್ಲಿ ಹಲಗೆ ಇರಲಿಲ್ಲವೆಂದಲ್ಲ, ಇತ್ತು. ಲೋಂಡಾದ ಕಟ್ಟಿಗೆ ಅಡ್ಡೆಯಲ್ಲಿ ಕಡಿಮೆಗೆ ಇತ್ತು. ನಾನು ಮುಂಜಾನೆಯ ರೈಲಿಗೆ ಲೋಂಡಾಕ್ಕೆ ಹೋಗಿ, ಅಡ್ಡೆಯವನ ಜೊತೆ ಚೌಕಾಶಿ ಮಾಡಿ, ಎಂಟಾಣೆ ಇಳಿಸಿಕೊಂಡು, ಹಲಗೆ ತಂದೆ. ಅಕ್ಕ ಅದನ್ನು ಸ್ಮಶಾನದಲ್ಲಿ ಎಲ್ಲರ ಮುಂದೆ ಎತ್ತಿ ಆಡಿದಳು. ನಾನೂ ಒಂದು ಮಾತು ಆಡಿದೆ. ಅವಳು ಅಂದಿನ ಸಂಜೆಯ ರೈಲಿಗೆ ಹೋದವಳು ಮತ್ತೆ ಬರಲಿಲ್ಲ.

ಏಳು ವರ್ಷ ನಾನು ಈ ಕಥೆಯನ್ನು ಊರಲ್ಲಿ ಇಷ್ಟೇ ಹೇಳಿಕೊಂಡು ಬಂದಿದ್ದೆ. ಕೇಳಿದವರೆಲ್ಲ 'ಹೆಂಗಸರ ಬಾಯಿ' ಎಂದು ನನ್ನ ಪಕ್ಷವನ್ನೇ ಹಿಡಿಯುತ್ತಿದ್ದರು. ಮಾಲಿನ ಒಳ್ಳೆಯ ಮಗ್ಗುಲನ್ನು ಗಿರಾಕಿಯ ಕಡೆ ತಿರುಗಿಸಿ ಇಡುವುದು ನನಗೆ ಅಭ್ಯಾಸ.

ಆ ಭಾನುವಾರ ಊಟಕ್ಕೆ ಕುಳಿತಾಗ ಹೆಂಡತಿ ಅನ್ನ ಬಡಿಸುತ್ತ ಕೇಳಿದಳು, "ಯಾವಾಗ ಹೋಗ್ತೀರಿ?"

"ಎಲ್ಲಿಗೆ?"

"ನಾ ಏನ್ ಹುಬ್ಬಳ್ಳಿಗಿ ಅಂದ್ನೇನು?"

"ಶುಭಸಂದೇಶದಾಗ ತಮ್ಮ, ಅಣ್ಣ ಅನ್ನೂ ಅರ್ಥದಾಗ ಹೇಳ್ಯಾರ. ಅಕ್ಕನ ಸುದ್ದಿ ಇಲ್ಲ."

"ಹಂಗಾರ ನೀವು ಸಾರು ಉಣಬ್ಯಾಡ್ರಿ" ಎಂದಳು. "ಅನ್ನ ಹಾಕು ಅಂದ್ರಿ, ಸಾರಿನ ಸುದ್ದಿ ಇರಲಿಲ್ಲ." ಸಾರಿನ ಪಾತ್ರೆ ನಿಜವಾಗಿಯೂ ಒಳಗೆ ಹೋಯಿತು.

ಮಳೆ ಆ ವಾರ ಬಿಡಲಿಲ್ಲ. ಇಗರ್ಜಿಯ ಒಳಗೆ ಸೋರುವ ಕಡೆಯೆಲ್ಲ ಮಡಕೆ ಇಟ್ಟರು. ಹೆಂಚಿನ ರಾಶಿ ಒಳಗೆ ಬೆಚ್ಚಗೆ ಒಣಗಿ ಕುಳಿತಿತ್ತು, ಅದರ ಸುತ್ತ ಭಕ್ತರು ತೊಯ್ದು ಮೊಣಕಾಲೂರುತ್ತಿದ್ದರು. ಮಡಕೆಗಳೂ ನನ್ನ ಅಂಗಡಿಯಿಂದಲೇ ಹೋದವು. ಮಾಡು ಸೋರಿದಷ್ಟೂ ನನಗೆ ವ್ಯಾಪಾರ. ಆ ವಾರದ ಗಿರಾಕಿಗಳು ಯಾರೂ ನನ್ನ ಜೊತೆ ಚೌಕಾಶಿ ಮಾಡಲಿಲ್ಲ. ಕೇಳಿದ್ದು ಕೊಟ್ಟು, ಮುಖ ನೋಡಿ, ಹೋಗುತ್ತಿದ್ದರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಪ್ರತಿ ಮುಂಜಾನೆ ಬಾಗಿಲಲ್ಲಿ ಅದೇ ಪ್ರಶ್ನೆ.

"ಭಾನುವಾರದ ತುತ್ತು?"

"ಗಂಟಲಾಗ ಐತ್ರಿ ಫಾದರ."

"ನೀರು ಕುಡಿ" ಎನ್ನುತ್ತಿದ್ದರು.

ನನ್ನ ಅಂಗಡಿಯ ಬಾಜುವಿನ ಜೈನ ಸಾಹುಕಾರರಿಗೆ ಅಕ್ಕಿಯ ವ್ಯಾಪಾರ. ಹಿರಿಯರು, ಮೆತ್ತಗಿನ ಮಾತು, ಚುಚ್ಚುವುದೂ ಮೆತ್ತಗೇ. ಒಂದು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಬಂದು ಕುಳಿತರು.

"ನಮ್ಮಾಗ ವರ್ಷಕ್ಕೊಮ್ಮಿ ಇರತದ ನೋಡ್ರಿ. ಪರ್ವ ಮುಗಿದ ಮ್ಯಾಲೆ ಎಲ್ಲಾರ ಮನಿಗೂ ಹೋಗಿ, ತಿಳಿದೋ ತಿಳೀದೋ ತಪ್ಪಾಗಿದ್ರ ಕ್ಷಮಾ ಮಾಡ್ರಿ ಅಂತೀವಿ. ಒಂದ ದಿನದಾಗ ವರ್ಷದ್ದೆಲ್ಲಾ ಸಾಫ್."

"ನಿಮ್ಮದು ಠೋಕ ವ್ಯಾಪಾರ, ಎಲ್ಲಾ ಒಮ್ಮೆಲೇ" ಎಂದೆ ನಾನು. "ನಮ್ಮ ಪಾದ್ರಿ ಕಿರಕೋಳ ಹಚ್ಚ್ಯಾರ, ದಿನಾ ಒಂದೊಂದು ತುತ್ತು."

"ಕಿರಕೋಳದಾಗ ಲಾಭ ಹೆಚ್ಚು ಅಂತ ನೀವ ಹೇಳ್ತಿದ್ರೆಲ್ಲ" ಎಂದು ಅವರು ಎದ್ದರು. ಹೊಸ್ತಿಲ ಬಳಿ ನಿಂತು, "ಇಗರ್ಜಿಯೊಳಗ ಸೋರಿದ್ದು ನಮ್ಮ ಅಕ್ಕಿಗೋದಾಮಿಗೂ ಕೇಳಸತೇತ್ರಿ ಸಾವಕಾರ್ರ, ಲಗೂ ಮುಗಸ್ರಿ" ಎಂದು ಹೋದರು.

ನಾನು ಮೊದಲು ಮಾಡಿದ್ದು ಬುದ್ಧಿವಂತರೆಲ್ಲ ಮಾಡುವ ಕೆಲಸ: ನನ್ನ ಬದಲು ಬೇರೆಯವರನ್ನು ಕಳಿಸಿದ್ದು. ಎರಡು ಒಳ್ಳೆಯ ಹುಂಜಗಳನ್ನು ಬುಟ್ಟಿಯಲ್ಲಿ ಹಾಕಿ, ಪರಿಚಯದ ರೈಲ್ವೆ ಗಾರ್ಡನ ಕೈಯಲ್ಲಿ ಅಕ್ಕನಿಗೆ ಮುಟ್ಟಿಸಿದೆ. ಮೂರನೆಯ ದಿನ ಅದೇ ಬುಟ್ಟಿ, ಅದೇ ಹುಂಜಗಳು ವಾಪಸು. ಚೆನ್ನಾಗಿ ಕಾಳು ತಿಂದು ಮೈ ತುಂಬಿಕೊಂಡಿದ್ದವು.

"ಬಾಯಾರು ನಿರೋಪ ಹೇಳ್ಯಾರ್ರಿ" ಎಂದ ಗಾರ್ಡ್, ನಗು ತಡೆದುಕೊಂಡು. "ಕೋಳಿಗೆ ನನ್ನ ಮ್ಯಾಲೆ ಸಿಟ್ಟಿಲ್ಲ, ನನಗ ಕೋಳಿ ಮ್ಯಾಲೆ ಸಿಟ್ಟಿಲ್ಲ. ಜಗಳ ಯಾರದೈತಿ ಅವ ಬರ್ಲಿ, ಅಂದ್ರು."

ಹಾಗಾಗಿ ಹೋದೆ. ಮೊದಲ ಸಲ ಅಕ್ಕನ ಓಣಿಯ ಮೂಲೆಯವರೆಗೆ ಹೋದೆ. ಬೆಂದ ರೊಟ್ಟಿಯ ವಾಸನೆ ಬಂತು, ಅಪ್ಪ ಸುಡುತ್ತಿದ್ದ ರೊಟ್ಟಿಯದೇ ವಾಸನೆ. ನನಗೆ ಶಹಾಪುರದಲ್ಲಿ ಒಬ್ಬ ವ್ಯಾಪಾರಿಯನ್ನು ಜರೂರು ಕಾಣಬೇಕಾಗಿದೆ ಎಂದು ಆಗಲೇ ನೆನಪಾಯಿತು. ಅವನನ್ನು ಕಂಡು, ಬೇಡದ ಒಂದು ತಗಡಿನ ಕೊಡಪಾನ ಕೊಂಡು, ಊರಿಗೆ ಬಂದೆ. ಹೆಂಡತಿ ಕೊಡಪಾನವನ್ನು ತಿರುಗಿಸಿ ನೋಡಿ, "ಭಾಳ ಚಲೋ ಐತಿ. ಇದರಾಗ ಅಕ್ಕಾರು ಎಲ್ಲಿ ಅದಾರ?" ಎಂದಳು.

ಎರಡನೆಯ ಸಲ ಬೆಳಗಿನ ರೈಲಿಗೆ ಹೋಗಿ ಸೀದಾ ಒಳಗೆ ನುಗ್ಗಿದೆ. ಅಕ್ಕ ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಕಣಕ ನಾದುತ್ತಿದ್ದಳು. ತಲೆ ಬೆಳ್ಳಗಾಗಿತ್ತು, ಅದರಲ್ಲಿ ಹಿಟ್ಟೆಷ್ಟು ವಯಸ್ಸೆಷ್ಟು ಎಂದು ತಿಳಿಯಲಿಲ್ಲ. ನನ್ನನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

"ಇಗರ್ಜಿಗೆ ಹೆಂಚು ಕೊಟ್ಟಿಯಂತ."

"ಕೊಟ್ಟೀನಿ. ಇನ್ನೂ ಮ್ಯಾಲೆ ಏರಿಲ್ಲ."

"ಅಪ್ಪನ ಮ್ಯಾಲೆ ಮಳಿ ಬಿಟ್ಟಾಂವ ದೇವರ ಮ್ಯಾಲೆ ಹೆಂಚು ಹೊದಸ್ತಾನು" ಎಂದಳು, ಕಣಕಕ್ಕೆ ಹೇಳುವ ಹಾಗೆ.

ಮಾಲಿನ ಇನ್ನೊಂದು ಮಗ್ಗುಲನ್ನು ಈಗ ತಿರುಗಿಸಲೇಬೇಕು. ಲೋಂಡಾದ ಆ ಅಡ್ಡೆಯವ ಎಂಟಾಣೆ ಸುಮ್ಮನೆ ಬಿಟ್ಟಿರಲಿಲ್ಲ. ಮುಚ್ಚಳದ ಹಲಗೆಗಳನ್ನು ಬದಲಾಯಿಸಿ, ಗಿಡ್ಡವನ್ನು ಕಟ್ಟಿ ಕೊಟ್ಟಿದ್ದ. ನಾನು ಗೆದ್ದ ಖುಷಿಯಲ್ಲಿ ಅಳೆದು ನೋಡಲಿಲ್ಲ. ಮನೆಗೆ ತಂದ ಮೇಲೆ ಬಡಗಿ ಮೊಳೆ ಹೊಡೆದಾಗ ತಲೆಯ ಕಡೆ ನಾಲ್ಕು ಬೆರಳು ಸಂದು ಉಳಿಯಿತು. ಹೊರಗೆ ಮಳೆ. ಬೇರೆ ಹಲಗೆ ತರಲು ಹೊತ್ತಿಲ್ಲ, ಜ್ವರದ ಹೆಣ, ಇಟ್ಟುಕೊಳ್ಳುವ ಹಾಗಿಲ್ಲ. ಸ್ಮಶಾನದ ದಾರಿಯುದ್ದಕ್ಕೂ ಆ ಸಂದಿನಿಂದ ಮಳೆ ಒಳಗೆ ಹೋಗುತ್ತಿತ್ತು. ಅಕ್ಕ ಮೈಮೇಲಿದ್ದ ತನ್ನ ಮದುವೆಯ ಶಾಲನ್ನು ತೆಗೆದು ಆ ಸಂದಿಗೆ ಹೊದಿಸಿ, ತಾನು ತೊಯ್ಯುತ್ತ ನಡೆದಳು. ಶಾಲು ಅಪ್ಪನ ಜೊತೆಗೇ ಮಣ್ಣಿಗೆ ಹೋಯಿತು. "ಅಪ್ಪನ ಪೆಟ್ಟಿಗಿಗೂ ಚೌಕಾಶಿ ಮಾಡಿದ್ಯಲ್ಲೋ" ಎಂದು ಅವಳು ಅಂದದ್ದು ಆಗ. ಆಗ ನಾನು ಆಡಿದ ಆ ಒಂದು ಮಾತು: "ನಿನ್ನ ಶಾಲಿನ ಕಿಮ್ಮತ್ತೆಷ್ಟು ಹೇಳು, ಕೊಟ್ಟುಬಿಡ್ತೀನಿ."

ಇದನ್ನು ಬರೆಯುವಾಗಲೂ ಕೈ ಹಿಂದೆ ಸರಿಯುತ್ತದೆ. ಆದರೆ ಊರಿಗೆ ಬುದ್ಧಿ ಹೇಳಲು ಕುಳಿತವನು ಗಿಡ್ಡ ಹಲಗೆ ಕೊಡಬಾರದು.

ಅಕ್ಕನ ಮುಂದೆ ನಿಂತು ಮೊದಲು ನಾನು ನನಗೆ ಬರುವ ವಿದ್ಯೆಯನ್ನೇ ತೋರಿಸಿದೆ.

"ಹಿಂಗ ಮಾಡೂಣು. ನೀ ನಾಕು ಮಂದ್ಯಾಗ ಅಂದದ್ದು ತಪ್ಪು, ನಾ ಆವತ್ತ ಮಾಡಿದ್ದು ತಪ್ಪು. ನಿಂದರ್ಧ ನಂದರ್ಧ. ಇಲ್ಲಿಗೆ ಮುಗಸೂಣು."

"ಅರ್ಧಕ್ಕ ನಾ ಮಾರೂದಿಲ್ಲ" ಎಂದಳು ಅಕ್ಕ.

"ಮುಕ್ಕಾಲು ನಂದು."

"ಬಾಗಿಲಾ ಮುಂದ ಮಾಡ್ಕೊಂಡು ಹೋಗು. ಗಾಳಿ ಬಂದ್ರ ಹಿಟ್ಟು ಏಳೂದಿಲ್ಲ."

ನಾನು ಹೋಗಲಿಲ್ಲ. ಬಾಗಿಲು ಮುಚ್ಚಿ ಒಳಗೇ ನಿಂತೆ. ಭಟ್ಟಿಯಲ್ಲಿ ರೊಟ್ಟಿ ಇತ್ತು, ಅವಳೂ ಬಿಟ್ಟು ಹೋಗುವ ಹಾಗಿರಲಿಲ್ಲ. ಕಣಕ ತಿರುವಿ ಹಾಕುತ್ತ ಅವಳೇ ಕೇಳಿದಳು, "ಆ ಎಂಟಾಣೆ ಇಲ್ಲದ ನಿನಗೇನು ಕಡಿಮಿ ಆಗಿತ್ತೋ ಆವತ್ತ?"

ಏಳು ವರ್ಷದಲ್ಲಿ ಇದನ್ನು ಯಾರೂ ನನಗೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. "ಕಡಿಮಿ ಏನೂ ಆಗಿರಲಿಲ್ಲಕ್ಕ. ಅವ ರೇಟು ಹೇಳಿದ. ಹೂಂ ಅಂದ್ರ ಹಲಗಿ ತೊಗೊಂಡಂಗ ಆಗತಿತ್ತು. ತೊಗೊಂಡ್ರ ಅಪ್ಪ ಸತ್ತಂಗ ಆಗತಿತ್ತು. ಅಲ್ಲೇ ಜಗ್ಗಾಡಕೊಂತ ನಿಂತೆ. ಎರಡು ತಾಸು."

ಅಕ್ಕನ ಕೈ ನಿಂತಿತು.

ಇದು ಒಳ್ಳೆಯ ನೆಪ. ಖರೆಯೂ ಹೌದು. ಆದರೆ ಒಳ್ಳೆಯ ನೆಪ ಹೇಳಿ ನಿಲ್ಲಿಸಿದರೆ ಅದೂ ಒಂದು ಚೌಕಾಶಿಯೇ ಎಂದು ನನಗೆ ಅಷ್ಟು ಹೊತ್ತಿಗೆ ತಿಳಿದಿತ್ತು. ಎರಡು ವಾರ ದಿನಾ ಬಾಗಿಲಲ್ಲಿ ನಶ್ಯದ ವಾಸನೆ ಕುಡಿದದ್ದು ವ್ಯರ್ಥವಾಗಿರಲಿಲ್ಲ. ಆಗ ಆ ವಾಕ್ಯ ಹೇಳಿದೆ.

"ಅಕ್ಕಾ, ನಿನ್ನ ಶಾಲಿಗೆ ಕಿಮ್ಮತ್ತು ಕೇಳಿದ್ದು ನನ್ನ ತಪ್ಪು."

ಅದರ ಹಿಂದೆ 'ಆದರ' ಎಂಬ ಮಾತು ಬಂದು ಹಲ್ಲಿನವರೆಗೆ ನಿಂತಿತ್ತು. ಹಲ್ಲು ಕಚ್ಚಿದೆ.

ಅಕ್ಕ ಅಳಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಅವಳೂ ನಮ್ಮ ಅಪ್ಪನ ಮಗಳೇ. ಕೈಯ ಹಿಟ್ಟು ಉದುರಿಸಿ, "ಬಾಯಿಲೆ ಹೇಳಿದ್ದು ಕೇಳೇನಿ. ಈಗ ಮಾಲು ತೋರಸು" ಎಂದಳು. "ನಂದಗಡದ ಸಂತಿಗೆ ನಾ ಬರ್ತೀನಿ. ನನ್ನ ಜೋಡಿ ನೀ ಬಾ. ನಾ ಹೇಳಿದ್ದೆಲ್ಲಾ ಕೊಡಸು. ಅವರು ಎಷ್ಟು ಹೇಳ್ತಾರ ಅಷ್ಟು. ಬಾಯಿ ತಗೀಬಾರದು."

ಪಾದ್ರಿಗಳು ಪಾಪನಿವೇದನೆಯಲ್ಲಿ ನನಗೆ ಎಷ್ಟೋ ಪ್ರಾಯಶ್ಚಿತ್ತ ಕೊಟ್ಟಿದ್ದಾರೆ. ಮೂರು ಜಪ, ಐದು ಜಪ, ಒಂದು ಶುಕ್ರವಾರದ ಉಪವಾಸ. ಅವರಿಗೆ ಈ ಕಲೆ ಬರುವುದಿಲ್ಲ. ಅಕ್ಕನಿಗೆ ಬರುತ್ತಿತ್ತು.

ಸಂತೆಯ ದಿನ ಮಳೆ ಸ್ವಲ್ಪ ಬಿಟ್ಟಿತ್ತು. ಮೊದಲು ಮೆಣಸಿನಕಾಯಿ. ಮಾರುವವಳು ನನ್ನನ್ನು ದೂರದಿಂದಲೇ ಕಂಡು ಸೆರಗು ಬಿಗಿದು ಸಿದ್ಧವಾದಳು. ಬೆಲೆ ಹೇಳಿದಳು. "ಹಾಕು" ಎಂದೆ. ತಕ್ಕಡಿ ಎತ್ತಿದವಳು ಹಾಗೇ ನಿಂತಳು.

"ಯಾಕ್ರಿ ಸಾವಕಾರ್ರ, ಆರಾಮ ಇಲ್ಲೇನ್ರಿ?"

"ಆರಾಮ ಅದೇನಿ. ಹಾಕು."

"ಜ್ವರ ಗಿರ ಬಂದದೇನು ನೋಡ್ರಿ ಅಕ್ಕಾರ" ಎಂದು ಅಕ್ಕನಿಗೆ ಹೇಳಿ, ಅವಳೇ ಒಂದು ಹಿಡಿ ಹೆಚ್ಚು ಹಾಕಿದಳು.

ಬೆಲ್ಲದವ ಇನ್ನೂ ಕಷ್ಟಕ್ಕೆ ಬಿದ್ದ. ನಾನು "ಕಟ್ಟು" ಎಂದ ಮೇಲೂ ಕಟ್ಟಲಿಲ್ಲ. ಬಸವಣ್ಣನ ಮಾರ್ಗದ ಮನುಷ್ಯ, ಹಣೆಯ ತುಂಬ ವಿಭೂತಿ. ತಲೆ ಕೆರೆದುಕೊಂಡು ಕೊನೆಗೆ ಬಾಯಿಬಿಟ್ಟ.

"ನಿಮಗ ನಾ ದುಪ್ಪಟ್ಟ ಹೇಳಿರ್ತೀನ್ರಿ. ನೀವು ಅರ್ಧಕ್ಕ ಇಳಸ್ತೀರಿ, ಸರಿಯಾದ ರೇಟಿಗೆ ಬರತೇತಿ. ಇಪ್ಪತ್ತು ವರ್ಷದಿಂದ ಹಿಂಗ ನಡದೇತಿ. ಈಗ ನೀವು ಹೂಂ ಅಂದ್ರ ನಾ ಹೆಂಗ ತೊಗೊಳ್ಳಿ? ದೇವರ ಮುಂದ ಏನ್ ಹೇಳ್ಲಿ?"

ಅಕ್ಕ ಸೆರಗನ್ನು ಬಾಯಿಗೆ ಹಿಡಿದು ಆ ಕಡೆ ತಿರುಗಿದಳು. ನನ್ನ ಜೀವಮಾನದ ವಿಜಯಗಳೆಲ್ಲ, ನಾನು ಸಂತೆಗೆ ಕಾಲಿಡುವ ಮೊದಲೇ ನನಗಾಗಿ ಏರಿಸಿಟ್ಟ ಬೆಲೆಗಳು. ಮುಂಜಾನೆ ಬಂದವನಿಗೂ ಸಂಜೆ ಬಂದವನಿಗೂ ಒಂದೇ ಎಂದ ಆ ದ್ರಾಕ್ಷಿತೋಟದ ಯಜಮಾನನಿಗೆ ನಾನು ವ್ಯಾಪಾರ ಕಲಿಸಹೋಗಿದ್ದೆ. ನಂದಗಡದ ಬೆಲ್ಲದವ ನನಗೆ ಕಲಿಸುತ್ತಿದ್ದ.

ಕೊನೆಗೆ ಶಾಲಿನ ಅಂಗಡಿ. ಅಕ್ಕ ಅದನ್ನೇ ಕೊನೆಗೆ ಇಟ್ಟಿದ್ದಳು. ಒಂದೊಂದಾಗಿ ಬಿಚ್ಚಿಸಿ, ಬೆಳಕಿಗೆ ಹಿಡಿದು, ಕಡು ಕೆಂಪು ಅಂಚಿನ ಒಂದನ್ನು ಆರಿಸಿದಳು. ಅಂಗಡಿಯವ ಬೆಲೆ ಹೇಳಿದ. ಅದು ಬೆಲೆಯಲ್ಲ, ಹಗಲು ದರೋಡೆ. ನನ್ನ ತುಟಿ ತಾನಾಗಿ ಬಿಚ್ಚಿತು. ಅಕ್ಕ ನೋಡಿದಳು. ಮುಚ್ಚಿಕೊಂಡೆ. ಚೀಲಕ್ಕೆ ಕೈ ಹಾಕಿದೆ. ಅಂಗಡಿಯವ ಕಾದ. ಅಕ್ಕನೂ ಕಾದಳು. ಅವಳ ಮುಖದಲ್ಲಿ ಏನೋ ಚಡಪಡಿಕೆ ಏರತೊಡಗಿತು, ಹಾಲು ಉಕ್ಕುವ ಮೊದಲು ಏರುವ ಹಾಗೆ.

"ಈ ಅಂಚಿನಾಗ ಒಂದು ಎಳಿ ಹೋಗೇತೆಲ್ಲ" ಎಂದಳು.

"ಎಲ್ಲೈತ್ರಿ ಬಾಯಾರ?"

"ಇಲ್ಲಿ ನೋಡು. ಕಣ್ಣ್ ಅದಾವಿಲ್ಲ? ಇದಕ್ಕ ಅಷ್ಟು ಹೇಳ್ತಿ?"

ಅರ್ಧ ತಾಸು ನಡೆಯಿತು. ಎರಡು ಸಲ ಶಾಲು ಎಸೆದು ಎದ್ದಳು, ಎರಡು ಸಲ ಅವನು ಕರೆದ. ನಾನು ಚೀಲದಲ್ಲಿ ಕೈ ಇಟ್ಟುಕೊಂಡೇ, ಅಪ್ಪ ಕ್ಯಾಂಪಿನ ಹಿಟ್ಟಿನ ವ್ಯಾಪಾರಿಯ ಮುಂದೆ ಎದ್ದು ಹೋಗುವ ನಾಟಕ ಆಡುತ್ತಿದ್ದುದನ್ನು ನೆನೆಯುತ್ತ ನಿಂತೆ. ಅಕ್ಕ ಬೆಲೆಯನ್ನು ತನಗೆ ಬೇಕಾದಲ್ಲಿಗೆ ಇಳಿಸಿ, ಶಾಲು ಹೊದ್ದುಕೊಂಡು, ಗಾಡಿಯ ಕಡೆ ನಡೆಯುತ್ತ ಹೇಳಿದಳು:

"ಅಪ್ಪ ಇದ್ದಿದ್ರ ಇನ್ನೂ ಇಳಸ್ತಿದ್ದ."

"ಇನ್ನೂ ನಾಕಾಣೆ" ಎಂದೆ. ಅಂದು ಬೆಲೆಯ ಮಾತಿಗೆ ಬಾಯಿ ತೆರೆದದ್ದು ಅದೊಂದೇ ಸಲ. ಅವಳು ಬೇಡ ಎನ್ನಲಿಲ್ಲ.

ಮರುದಿನ ಮುಂಜಾನೆ ಇಗರ್ಜಿಯ ಬಾಗಿಲಿಗೆ ಇಬ್ಬರೂ ಹೋದೆವು. ಪಾದ್ರಿಗಳು ಅಕ್ಕನ ಶಾಲು ನೋಡಿದರು, ನನ್ನ ಮುಖ ನೋಡಿದರು. ನಶ್ಯದ ಡಬ್ಬಿ ಮುಚ್ಚಿದರು. "ಮ್ಯಾಲ ಏರಸ್ರಿ" ಎಂದರು. ಮಳೆ ಎರಡು ದಿನ ಬಿಡುವು ಕೊಟ್ಟಿತು, ಹೆಂಚು ಏರಿತು. ಕೂಲಿ ನಿಷ್ಕರ್ಷೆ ಮಾಡುವಾಗ ಅಕ್ಕ ಬಾಜುವಿಗೇ ನಿಂತಿದ್ದಳು, ಆದ್ದರಿಂದ ಎಲ್ಲರಿಗೂ ಒಂದೇ ಕೂಲಿ, ಮಧ್ಯಾಹ್ನ ಬಂದವನಿಗೂ. ಒಂದು ಮೂಲೆಯಲ್ಲಿ ಈಗಲೂ ಸೋರುತ್ತದೆ. ಅದು ನನ್ನ ಹೆಂಚಲ್ಲ, ಹಳೆಯದು. ಆ ಮೂಲೆಯನ್ನೂ ನೀನೇ ಮಾಡಿಸು ಎನ್ನುತ್ತಾರೆ ಪಾದ್ರಿಗಳು. ನೋಡೋಣ ಎನ್ನುತ್ತೇನೆ.

ಇನ್ನು ನಿಮಗೆ ಒಂದೆರಡು ಮಾತು, ಬಿಟ್ಟಿಯಾಗಿ. ಇಗರ್ಜಿಗೆ ಏನಾದರೂ ಕೊಡುವುದಿದ್ದರೆ ಆ ಭಾನುವಾರದ ಶುಭಸಂದೇಶ ಯಾವುದೆಂದು ಪಾದ್ರಿಗಳನ್ನು ಮೊದಲೇ ಕೇಳಿಕೊಳ್ಳಿ. ಕೇಳಿದ ಮೇಲೆ ದಿನ ಬದಲಾಯಿಸಬೇಡಿ, ಅವರಿಗೆ ತಿಳಿಯುತ್ತದೆ. ದಿನಾ ಒಂದು ತುತ್ತು ಒಯ್ಯಿರಿ, ಆದರೆ ಸ್ವಾಮಿಯ ವ್ಯಾಪಾರವನ್ನು ತಿದ್ದಲು ಹೋಗಬೇಡಿ. ಆತ ನಷ್ಟದಲ್ಲಿ ನಡೆಸುತ್ತಿದ್ದರೂ ಅಂಗಡಿ ಇನ್ನೂ ಮುಚ್ಚಿಲ್ಲ. ರಾಜಿಗೆ ಕೋಳಿ ಕಳಿಸಬೇಡಿ, ನೀವೇ ಹೋಗಿ. ಹೋಗುವುದಾದರೆ ಭಟ್ಟಿಯಲ್ಲಿ ರೊಟ್ಟಿ ಇರುವ ಹೊತ್ತಿಗೆ, ಒಲೆಯ ಮೇಲೆ ಹಾಲಿರುವ ಹೊತ್ತಿಗೆ ಹೋಗಿ, ಅವರು ಎದ್ದು ಹೋಗಲಾರರು. ತಪ್ಪು ಒಪ್ಪುವಾಗ ಎಲ್ಲಕ್ಕಿಂತ ಸಣ್ಣ ವಾಕ್ಯ ಆರಿಸಿ, ಮುಗಿದ ಕೂಡಲೇ ಹಲ್ಲು ಕಚ್ಚಿ. ಮತ್ತು ನಿಮ್ಮವರು ಯಾರಾದರೂ ತೀರಿಕೊಂಡು ಹಲಗೆ ತರುವ ದಿನ ಬಂದರೆ, ಬರುತ್ತದೆ, ಚೌಕಾಶಿ ಮಾಡಿದರೂ ಮಾಡಿ, ನಾನು ಬೇಡ ಎನ್ನುವುದಿಲ್ಲ. ಮುಚ್ಚಳದ ಹಲಗೆಯನ್ನು ಮಾತ್ರ ಕಟ್ಟಿಸುವ ಮೊದಲು ನಿಮ್ಮ ಕೈಯಿಂದಲೇ ಅಳೆಯಿರಿ. ಒಂದು ಗೇಣು ಹೆಚ್ಚಿಗೇ ಇರಲಿ.